ಜೇಬಿನ ಟಾರ್ಚನ್ನು ಅಳೆಯುವ ಬಗೆ: ದಕ್ಷಿಣ ಬೆಂಗಳೂರಿನ ನಿವಾಸಿಗಳ ಸಂಘಗಳಿಗೆ ಬಹಿರಂಗ ಪತ್ರ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಪದಾಧಿಕಾರಿಗಳಿಗೂ ಸದಸ್ಯರಿಗೂ,

ಮಾನ್ಯರೇ,

ಮನೆಮಂದಿಯ ನಿತ್ಯದ ಬಳಕೆಗೆ, ರಾತ್ರಿ ಪಾಳಿಯ ಕಾವಲುಗಾರರ ಕೈಗೆ, ನಸುಕಿನಲ್ಲೇ ವಾಕಿಂಗ್ ಹೊರಡುವ ಹಿರಿಯರ ಜೇಬಿಗೆ ಎಂದು ಸಣ್ಣ ಎಲ್‌ಇಡಿ ಟಾರ್ಚುಗಳನ್ನು ಸಗಟಾಗಿ ಕೊಳ್ಳಲು ಹೊರಡುವ ಸಂಘವೊಂದು ಸಾಮಾನ್ಯವಾಗಿ ಎರಡೇ ಸಂಗತಿಗಳನ್ನು ನೋಡುತ್ತದೆ: ಬೆಲೆ, ಮತ್ತು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಲ್ಯೂಮೆನ್ ಸಂಖ್ಯೆ. ಬೆಲೆಯ ವಿಚಾರ ಖಜಾಂಚಿಗಳಿಗೆ ಬಿಟ್ಟದ್ದು. ಆ ದಪ್ಪಕ್ಷರದ ಸಂಖ್ಯೆಯಾದರೋ ಟಾರ್ಚಿನ ಯೋಗ್ಯತೆಯನ್ನು ತಿಳಿಸುವುದರಲ್ಲಿ ಎಲ್ಲ ಅಂಕಿಗಳಿಗಿಂತ ಹಿಂದೆ ಬೀಳುವಂಥದ್ದು ಎಂಬುದನ್ನೂ, ಹಿತವಾದ ಕಡಿಮೆ ಬೆಳಕನ್ನು ಎಷ್ಟು ಹೊತ್ತು ಒಂದೇ ಸಮನೆ ಕೊಡಬಲ್ಲದು ಎಂಬುದರಿಂದಲೇ ದಿನಬಳಕೆಯ ಟಾರ್ಚನ್ನು ಅಳೆಯಬೇಕೆಂಬುದನ್ನೂ ಸಂಘಗಳ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

1905ರಲ್ಲೇ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಹೊತ್ತಿಸಿಕೊಂಡು ಏಷ್ಯಾದಲ್ಲೇ ಮೊದಲೆಂಬ ಹೆಸರು ಪಡೆದ ನಗರಕ್ಕೆ ಟಾರ್ಚು ಏತಕ್ಕೆಂದು ಕೇಳುವವರೂ ಇರಬಹುದು. 1948ರಲ್ಲಿ ಅಡಿಗಲ್ಲು ಕಂಡ ಜಯನಗರದ ಅಡ್ಡರಸ್ತೆಗಳನ್ನು ರಾತ್ರಿ ಹೊತ್ತು ನೋಡಿದರೆ ಅದಕ್ಕೆ ಉತ್ತರ ಸಿಗುತ್ತದೆ. ಅಲ್ಲಿನ ಹಳೆಯ ಮರಗಳ ಕೊಂಬೆಗಳು ಅನೇಕ ಕಡೆ ದೀಪಕ್ಕಿಂತ ಕೆಳಗೇ ಚಾಚಿಕೊಂಡಿರುವುದರಿಂದ, ದೀಪ ಉರಿಯುತ್ತಿದ್ದರೂ ಬೆಳಕು ಎಲೆಗಳ ಮೇಲೆಯೇ ನಿಂತು ಫುಟ್‌ಪಾತು ನೆರಳಿನಲ್ಲಿ ಉಳಿಯುತ್ತದೆ. ಆ ಫುಟ್‌ಪಾತಾದರೂ ಹಲವೆಡೆ ಚರಂಡಿಯ ಮೇಲೆ ಹೊದಿಸಿದ ಚಪ್ಪಡಿಗಳ ಸಾಲಾಗಿದ್ದು, ಅವುಗಳಲ್ಲಿ ಒಂದು ಜರುಗಿದ್ದರೂ ಕಾಲು ಒಳಗೆ ಹೋಗುತ್ತದೆ. ಕೇಬಲ್ಲಿಗೋ ಕೊಳವೆಗೋ ಅಗೆದು ಅರೆಬರೆ ಮುಚ್ಚಿದ ಗುಂಡಿಗಳು, ಹೇಳದೆ ಕೇಳದೆ ಹೋಗುವ ಕರೆಂಟು, ಕಟ್ಟಡದ ನೆಲಮಾಳಿಗೆಯಲ್ಲಿ ಕತ್ತಲೆಯಾಗಿರುವ ಮೀಟರ್ ಬೋರ್ಡು ಇವನ್ನೆಲ್ಲ ಸೇರಿಸಿ ನೋಡಿದರೆ ದಕ್ಷಿಣ ಬೆಂಗಳೂರಿನ ಮನೆಗೆ ಟಾರ್ಚು ಇಂದಿಗೂ ಛತ್ರಿಯಷ್ಟೇ ಅಗತ್ಯದ ವಸ್ತು. ಮೊಬೈಲ್ ಫೋನಿನ ದೀಪ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಅದರ ಬೆಳಕು ಹತ್ತಿರದಲ್ಲೇ ಚದುರಿ ಹೋಗುತ್ತದೆ, ಮಳೆಯಲ್ಲಿ ಅದನ್ನು ಹಿಡಿಯಲಾಗದು, ಮತ್ತು ಕರೆಂಟಿಲ್ಲದ ರಾತ್ರಿಯಲ್ಲಿ ಫೋನಿನ ಚಾರ್ಜನ್ನು ಕರೆ ಮಾಡುವುದಕ್ಕೆ ಉಳಿಸಿಕೊಳ್ಳುವುದೇ ಜಾಣತನ.

ಟಾರ್ಚಿನ ಪೊಟ್ಟಣದ ಮೇಲೆ ಕಾಣುವ ಮೂರು ಅಳತೆಗಳ ಅರ್ಥವನ್ನು ಮೊದಲು ಬಿಡಿಸಿಕೊಳ್ಳಬೇಕು. ಲ್ಯೂಮೆನ್ ಎಂಬುದು ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಕ್ಯಾಂಡೆಲಾ ಎಂಬುದು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಆ ಬೆಳಕಿಗಿರುವ ತೀವ್ರತೆ. ಲಕ್ಸ್ ಎಂಬುದು ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಲ್ಯೂಮೆನ್ ಬಿದ್ದಿತೆಂಬುದರ ಲೆಕ್ಕ. ನಡೆಯುವವರ ಮುಂದೆ 2 ಮೀಟರ್ ಅಗಲದ ವೃತ್ತದಲ್ಲಿ 30 ಲ್ಯೂಮೆನ್ ಬೆಳಕು ಹರಡಿತೆಂದು ಇಟ್ಟುಕೊಂಡರೆ, ಆ ವೃತ್ತದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್ ಆದ್ದರಿಂದ, ನೆಲದ ಮೇಲೆ ಹತ್ತಿರ ಹತ್ತಿರ 10 ಲಕ್ಸ್ ಬೀಳುತ್ತದೆ. ಬೀದಿದೀಪಗಳ ಕುರಿತಾದ ಭಾರತೀಯ ಮಾನಕ ಐಎಸ್ 1944 ಸ್ಥಳೀಯ ಸಂಚಾರದ ರಸ್ತೆಗಳಿಗೂ ಅಂಗಡಿ ಬೀದಿಗಳಿಗೂ ಸರಾಸರಿ 8 ಲಕ್ಸ್, ಸಂಚಾರ ವಿರಳವಾದ ರಸ್ತೆಗಳಿಗೆ 4 ಲಕ್ಸ್ ಸಾಕೆನ್ನುತ್ತದೆ. ಎಂದರೆ ಕೇವಲ 30 ಲ್ಯೂಮೆನ್ನಿನ ಟಾರ್ಚು ನಡೆಯುವವರ ಕಾಲಬುಡಕ್ಕೆ, ಸರಿಯಾಗಿ ಉರಿಯುವ ಬೀದಿದೀಪದಷ್ಟು ಬೆಳಕನ್ನು ಒದಗಿಸುತ್ತದೆ. ಒಂದು ತಲೆಮಾರಿನ ಹಿಂದೆ ಮನೆಮನೆಯಲ್ಲಿದ್ದ, ಎರಡು ದಪ್ಪ ಸೆಲ್ಲಿನ, ತಂತಿಯ ಬಲ್ಬಿನ ಟಾರ್ಚು ಕೊಡುತ್ತಿದ್ದ ಬೆಳಕು ಇದಕ್ಕಿಂತಲೂ ಕಡಿಮೆಯಿತ್ತು. ಅದನ್ನೇ ಹಿಡಿದು ಜನ ಬೇಸಾಯ ಮಾಡಿದ್ದಾರೆ, ಹೊಲಕ್ಕೆ ನೀರು ಕಟ್ಟಿದ್ದಾರೆ.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಕಣ್ಣಿನ ಸ್ವಭಾವವೂ ಅಡ್ಡ ಬರುತ್ತದೆ. ಲ್ಯೂಮೆನ್ ಇಮ್ಮಡಿಯಾದ ಮಾತ್ರಕ್ಕೆ ಕಣ್ಣಿಗೆ ಬೆಳಕು ಇಮ್ಮಡಿಯಾಗಿ ಕಾಣುವುದಿಲ್ಲ. ಹಾಗೆ ಕಾಣಬೇಕಾದರೆ ಅದು ಹಲವು ಪಟ್ಟು ಹೆಚ್ಚಬೇಕಾಗುತ್ತದೆ. ಇದಲ್ಲದೆ ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಪ್ರಖರವಾದ ಒಂದು ಹೊಡೆತ ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಆದಕಾರಣ ನಡುರಾತ್ರಿ ಬಚ್ಚಲಿಗೆ ಎದ್ದು ಹೋಗುವ ಹಿರಿಯರಿಗೆ 2ರಿಂದ 5 ಲ್ಯೂಮೆನ್ನಿನ ಕೆಳಹಂತವೇ ಹಿತ. ಆ ಹಂತವೇ ಇಲ್ಲದ ಟಾರ್ಚನ್ನು ಮನೆಬಳಕೆಯದೆಂದು ಕರೆಯುವುದು ಕಷ್ಟ.

ಈ ಮಾತನ್ನು ನೆಲಕ್ಕೆ ಹಚ್ಚಿ ನೋಡುವುದಕ್ಕೆ ಬೆಂಗಳೂರಿನ ಸಂಪಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕಾವೇರಿ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಬೀದಿಗಳಲ್ಲಿ, ಒಂದು ಕೈಯಲ್ಲಿ ಸಂಪಿನ ಕಬ್ಬಿಣದ ಮುಚ್ಚಳವನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಟಾರ್ಚು ಬಿಟ್ಟು ನೀರೆಷ್ಟಿದೆ ಎಂದು ಬಗ್ಗಿ ನೋಡುವುದು ವಾಡಿಕೆ. ಕಿರಣವನ್ನು ಒಂದೇ ಬಿಂದುವಿಗೆ ಒಟ್ಟುಗೂಡಿಸುವ ಪ್ರಖರ ಟಾರ್ಚು ಇಲ್ಲಿ ಸೋಲುತ್ತದೆ: ನೀರಿನ ಮೇಲ್ಮೈ ಕನ್ನಡಿಯಂತೆ ಆ ಬಿಂದುವನ್ನು ನೇರವಾಗಿ ನೋಡುವವರ ಕಣ್ಣಿಗೇ ಹಿಂದಿರುಗಿಸುತ್ತದೆ, ಗೋಡೆಯ ಮೇಲಿನ ನೀರಿನ ಗೆರೆಯಾಗಲಿ, ಫ್ಲೋಟ್ ವಾಲ್ವಿನ ಚೆಂಡು ಸಿಕ್ಕಿಕೊಂಡಿದೆಯೇ ತೇಲುತ್ತಿದೆಯೇ ಎಂಬುದಾಗಲಿ ಕಾಣುವುದಿಲ್ಲ. ಅಂಚಿನಿಂದ ಅಂಚಿಗೆ ಸಮವಾಗಿ ಹರಡುವ 50 ಲ್ಯೂಮೆನ್ನಿನ ಬೆಳಕಿನಲ್ಲಿ ಅದೇ ಸಂಪಿನ ಮೂಲೆಯಲ್ಲಿ ಕೂತ ಪಾಚಿಯೂ ಎದ್ದು ಕಾಣುತ್ತದೆ. ಹಿಂಬದಿಯಲ್ಲಿ ಅಯಸ್ಕಾಂತವಿರುವ ಟಾರ್ಚಾದರೆ ಮೇಲಕ್ಕೆತ್ತಿದ ಮುಚ್ಚಳಕ್ಕೇ ಅಂಟಿ ನಿಂತು ಕೈಗೆ ಬಿಡುವು ಕೊಡುತ್ತದೆ. ಕೈಜಾರಿ ಸಂಪಿನೊಳಕ್ಕೆ ಬೀಳುವ ಸಂಭವವೂ ಇಲ್ಲಿಯೇ ಹೆಚ್ಚಾದ್ದರಿಂದ ನೀರು ತಡೆಯುವ ಗುಣವೂ ಇಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ.

ಕಾವಲುಗಾರರ ಅಗತ್ಯ ಬೇರೆ. ಅವರಿಗೆ ಬೀದಿಯ ತುದಿ ಕಾಣಬೇಕು, ಅದಕ್ಕೆ ಬೇಕಾದುದು ಕ್ಯಾಂಡೆಲಾ. ಪೊಟ್ಟಣಗಳ ಮೇಲೆ ಅಚ್ಚಾಗುವ ಮೀಟರ್ ಲೆಕ್ಕದ ದೂರವು ಬೆಳಕು 0.25 ಲಕ್ಸಿಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ದೂರ. ಅಷ್ಟು ಬೆಳಕಿನಲ್ಲಿ ಆಳು ನಿಂತಿರುವುದು ತಿಳಿದೀತು, ಮುಖ ತಿಳಿಯದು. ದೂರ ಅರ್ಧಕ್ಕಿಳಿದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ, ಪೊಟ್ಟಣದ ದೂರವನ್ನು ಅರ್ಧಕ್ಕೆ ಇಳಿಸಿ ಓದುವುದು ಸುರಕ್ಷಿತ. 100 ಮೀಟರ್ ಎಂದು ಬರೆದ ಟಾರ್ಚಿನ ತೀವ್ರತೆ 2,500 ಕ್ಯಾಂಡೆಲಾ. ಅದು 40 ಅಡಿ, ಅಂದರೆ ಸುಮಾರು 12 ಮೀಟರ್ ದೂರದಲ್ಲಿ 17 ಲಕ್ಸ್ ಬೀಳಿಸುತ್ತದೆ. 30–40ರ ನಿವೇಶನದ ಗೇಟಿನಿಂದ ಹಿತ್ತಿಲಿನವರೆಗೆ ನೋಡಲು ಇದು ಧಾರಾಳವಾಯಿತು, ಎದುರುಮನೆಯವರ ಮಲಗುವ ಕೋಣೆಯ ಕಿಟಕಿಗೆ ಬಿದ್ದರೆ ಜಗಳಕ್ಕೂ ಸಾಕಾಯಿತು.

ಇನ್ನು ಪೊಟ್ಟಣದ ಸುಳ್ಳನ್ನು ಹಿಡಿಯುವ ವಿಚಾರ. ಇದಕ್ಕೆ ಪ್ರಯೋಗಾಲಯ ಬೇಡ, ಗುಣಾಕಾರ ಬಂದರೆ ಸಾಕು. ಸೆಲ್ಲಿನಲ್ಲಿ ತುಂಬಿರುವ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಹೇಳುತ್ತಾರೆ. ಸೆಲ್ಲಿನ ಮೇಲೆ ಬರೆದ ಮಿಲಿ ಆಂಪಿಯರ್-ಗಂಟೆಯನ್ನು ಸಾವಿರದಿಂದ ಭಾಗಿಸಿ ವೋಲ್ಟಿನಿಂದ ಗುಣಿಸಿದರೆ ಅದು ಸಿಗುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎಎ ಅಳತೆಯ ನಿಕಲ್ ಸೆಲ್ಲು 2,000 ಮಿಲಿ ಆಂಪಿಯರ್-ಗಂಟೆ, 1.2 ವೋಲ್ಟಿನದಾದರೆ ಅದರಲ್ಲಿರುವುದು 2.4 ವ್ಯಾಟ್-ಗಂಟೆ. ಒಳ್ಳೆಯ ಟಾರ್ಚೊಂದು ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಹೊರಗೆ ಕೊಡುತ್ತದೆಂದು ಹಿಡಿದರೆ, ಆ ಸೆಲ್ಲಿನಿಂದ ಸಿಗುವ ಒಟ್ಟು ಬೆಳಕು 240 ಲ್ಯೂಮೆನ್-ಗಂಟೆ; ಅದನ್ನು 30 ಲ್ಯೂಮೆನ್ನಿನಂತೆ 8 ಗಂಟೆ ಉರಿಸಬಹುದು, ಇಲ್ಲವೆ 240 ಲ್ಯೂಮೆನ್ನಿನಂತೆ ಒಂದೇ ಗಂಟೆಯಲ್ಲಿ ಖಾಲಿ ಮಾಡಬಹುದು. ಕಡಿಮೆ ಬೆಳಕಿನಲ್ಲಿ ಎಲ್‌ಇಡಿಯ ದಕ್ಷತೆ ತುಸು ಹೆಚ್ಚುವುದುಂಟು, ಆದರೂ ಲೆಕ್ಕ ಬುಡಮೇಲಾಗುವಷ್ಟಲ್ಲ. ಒಂದೇ ಎಎ ಸೆಲ್ಲಿನಿಂದ 1,000 ಲ್ಯೂಮೆನ್ ಬೆಳಕು 5 ಗಂಟೆ ಬರುತ್ತದೆಂದು ಯಾವುದೇ ಪೊಟ್ಟಣ ಹೇಳಿದರೆ ಅದನ್ನು ಅಂಗಡಿಯಲ್ಲೇ ಕೆಳಗಿಡಬಹುದು.

18650 ಎಂದು ಕರೆಯಲಾಗುವ ಲಿಥಿಯಂ ಅಯಾನ್ ಸೆಲ್ಲಿನ ವಿಷಯದಲ್ಲಿ ಉತ್ಪ್ರೇಕ್ಷೆ ಇನ್ನೂ ಹೆಚ್ಚು. ಈ ಸಂಖ್ಯೆ ಸೆಲ್ಲಿನ ಗಾತ್ರವನ್ನಷ್ಟೇ ಸೂಚಿಸುತ್ತದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇಷ್ಟು ಗಾತ್ರದೊಳಗೆ ಹೆಸರಾಂತ ತಯಾರಕರು ತುಂಬಬಲ್ಲದ್ದು ಸಾಮಾನ್ಯವಾಗಿ 3,500 ಮಿಲಿ ಆಂಪಿಯರ್-ಗಂಟೆಯ ಆಸುಪಾಸು. ಹೀಗಿರುವಾಗ 9,900 ಎಂದು ಬಣ್ಣದ ಹೊದಿಕೆಯ ಮೇಲೆ ಬರೆದುಕೊಂಡು ಮಾರಾಟಕ್ಕೆ ಬರುವ ಸೆಲ್ಲು ತನ್ನ ಸುಳ್ಳನ್ನು ತಾನೇ ಸಾರುತ್ತದೆ. ಅನುಮಾನವಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಬಹುದು: ಅಸಲಿ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ, ಅದಕ್ಕಿಂತ ಬಹಳ ಹಗುರವಾದುದರಲ್ಲಿ ಸರಕು ಕಡಿಮೆ. 3,000 ಮಿಲಿ ಆಂಪಿಯರ್-ಗಂಟೆಯ ಅಸಲಿ ಸೆಲ್ಲಿನಲ್ಲಿ ಸುಮಾರು 10.8 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಅದು 100 ಲ್ಯೂಮೆನ್ನಿನ ಹಂತದಲ್ಲಿ ಇಡೀ ರಾತ್ರಿ ಪಾಳಿಯನ್ನು ದಾಟಿಸುತ್ತದೆ.

ಪ್ರಾಮಾಣಿಕ ತಯಾರಕರ ಅಂಕಿಗಳನ್ನೂ ಓದುವ ಕ್ರಮವೊಂದಿದೆ. 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಫ್‌ಎಲ್-1 ಎಂಬ ಮಾನಕವನ್ನು ಇಂದು ಟಾರ್ಚು ತಯಾರಕರು ವ್ಯಾಪಕವಾಗಿ ಅನುಸರಿಸುತ್ತಾರೆ. ಅದರ ಪ್ರಕಾರ ಲ್ಯೂಮೆನ್ನನ್ನು ಟಾರ್ಚು ಹೊತ್ತಿಸಿದ ಕೂಡಲೇ ಅಳೆಯದೆ 30 ಸೆಕೆಂಡು ಕಳೆದ ಮೇಲೆ ಅಳೆಯುತ್ತಾರೆ. ಉರಿಯುವ ಅವಧಿಯನ್ನು ಬೆಳಕು ಆ ಮೊದಲ ಅಳತೆಯ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗೆ ಎಣಿಸುತ್ತಾರೆ. ಈ ಎರಡನೆಯ ನಿಯಮದಲ್ಲೇ ನುಸುಳುವ ದಾರಿಯೂ ಇದೆ. ಎಲ್‌ಇಡಿಗೆ ಹರಿಯುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗುತ್ತದೆ, ಹೆಬ್ಬೆರಳ ಗಾತ್ರದ ಲೋಹದ ಕೊಳವೆ ಆ ಶಾಖವನ್ನು ಹೊರಗೆ ಕಳಿಸಲಾರದೆ ಬಿಸಿಯಾಗುತ್ತದೆ, ಆಗ ಒಳಗಿನ ವಿದ್ಯುನ್ಮಂಡಲವು ಬೆಳಕನ್ನು ತಾನಾಗಿಯೇ ತಗ್ಗಿಸುತ್ತದೆ. ಹೀಗೆ 1,000 ಲ್ಯೂಮೆನ್, 3 ಗಂಟೆ ಎಂದು ಬರೆದ ಟಾರ್ಚು ಒಂದೆರಡು ನಿಮಿಷ ಮಾತ್ರ 1,000 ಲ್ಯೂಮೆನ್ ಕೊಟ್ಟು, ಉಳಿದ ಹೊತ್ತನ್ನೆಲ್ಲ 200ರ ಆಸುಪಾಸಿನಲ್ಲಿ ಕಳೆದರೂ ನಿಯಮ ಮುರಿದಂತಾಗುವುದಿಲ್ಲ. ಸಂಘಗಳು ಮಾದರಿಗೆಂದು ತರಿಸಿದ ಟಾರ್ಚನ್ನು ಕತ್ತಲೆಯ ಕೋಣೆಯಲ್ಲಿ ಬಿಳಿ ಸೂರಿನ ಕಡೆಗೆ ನೆಟ್ಟಗೆ ನಿಲ್ಲಿಸಿ, ಮೇಜಿನ ಮೇಲಿಟ್ಟ ಫೋನಿನ ಲಕ್ಸ್ ಮಾಪಕದಲ್ಲಿ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಂಡರೆ, ಬೆಳಕು ಇಳಿಯುವ ಇಳಿಜಾರು ಕಣ್ಣಿಗೆ ಬೀಳುತ್ತದೆ. ಫೋನಿನ ಮಾಪಕ ನಿಖರವಲ್ಲ, ಆದರೆ ಎರಡು ಟಾರ್ಚುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಅಷ್ಟು ಸಾಕು.

ಬಣ್ಣದ ವಿಷಯವನ್ನು ಕೊಳ್ಳುವವರು ಬಹುತೇಕ ಮರೆಯುತ್ತಾರೆ, ಮರೆಯಬಾರದು. ಬಿಳಿ ಎಲ್‌ಇಡಿ ಎಂಬುದು ವಾಸ್ತವದಲ್ಲಿ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಚ್ಚಿದ ಹಳದಿ ಪ್ರತಿದೀಪಕ ವಸ್ತುವಿನ ಲೇಪ ನೀಲಿ ಬೆಳಕಿನ ಒಂದು ಪಾಲನ್ನು ಹಳದಿಯಾಗಿ ಮಾರ್ಪಡಿಸುತ್ತದೆ, ಎರಡೂ ಕೂಡಿ ಕಣ್ಣಿಗೆ ಬಿಳಿಯಾಗಿ ತೋರುತ್ತವೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ದೊರೆಯಿತು. ಅಗ್ಗದ ಎಲ್‌ಇಡಿಗಳಲ್ಲಿ ನೀಲಿಯ ಪಾಲು ಹೆಚ್ಚಾಗಿ ಕಡುಗೆಂಪಿನ ಪಾಲು ತೀರ ಕಡಿಮೆಯಾಗುತ್ತದೆ. ವಸ್ತುಗಳ ಸಹಜ ಬಣ್ಣವನ್ನು ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆಂಬುದನ್ನು ಸಿಆರ್‌ಐ ಎಂಬ ಸೂಚ್ಯಂಕ ಹೇಳುತ್ತದೆ. ಅದರ ಗರಿಷ್ಠ ಅಂಕ 100, ಸಾಮಾನ್ಯ ಟಾರ್ಚುಗಳದ್ದು 70ರ ಸುತ್ತಮುತ್ತ, 90 ದಾಟಿದ್ದು ಉತ್ತಮ. ಪೊಟ್ಟಣದ ಮೇಲೆ ಈ ಅಂಕಿ ಇಲ್ಲದಿದ್ದರೆ ಅರಿಶಿನ ಕುಂಕುಮದ ಬಟ್ಟಲನ್ನು ಟಾರ್ಚಿನ ಕೆಳಗಿಟ್ಟು ನೋಡುವುದೇ ಪರೀಕ್ಷೆ: ಕಳಪೆ ಬೆಳಕಿನಲ್ಲಿ ಕುಂಕುಮ ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ, ಅರಿಶಿನಕ್ಕೆ ಹಸಿರು ಛಾಯೆ ಬರುತ್ತದೆ, ಒಳ್ಳೆಯ ಬೆಳಕಿನಲ್ಲಿ ಎರಡೂ ಹಗಲಿನಲ್ಲಿ ಕಂಡಂತೆಯೇ ಇರುತ್ತವೆ.

ಇದು ಬರಿಯ ಅಂದಚೆಂದದ ಮಾತಲ್ಲ. ಬನಶಂಕರಿ ಆರನೆಯ ಹಂತದ ಬದಿಯ ತುರಹಳ್ಳಿ ಕಾಡಿನ ಅಂಚಿನಲ್ಲಿ, ಜೆ.ಪಿ. ನಗರದ ಪುಟ್ಟೇನಹಳ್ಳಿ ಮತ್ತು ಸಾರಕ್ಕಿ ಕೆರೆಗಳ ಸುತ್ತ, ಬಿ.ಟಿ.ಎಂ. ಬದಿಯ ಮಡಿವಾಳ ಕೆರೆಯ ಏರಿಯ ಆಸುಪಾಸಿನಲ್ಲಿ ವಾಸಿಸುವವರಿಗೆ ಹಾವಿನ ಭಯ ಹೊಸದಲ್ಲ. ಒಣಗಿದ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲದ ಕಂದು ಮಚ್ಚೆಗಳನ್ನು ಎಲೆಯಿಂದ ಬೇರ್ಪಡಿಸಿ ಗುರುತಿಸಬೇಕಾದರೆ ಕಂದು, ಕೆಂಪು, ಹಳದಿಗಳ ಸೂಕ್ಷ್ಮ ಭೇದವನ್ನು ತೋರಿಸುವ ಬೆಳಕು ಬೇಕು. ನೀಲಿ ಛಾಯೆಯ ಬೆಳಕಿನಲ್ಲಿ ಎಲೆಯೂ ಹಾವೂ ಒಂದೇ ಬೂದಿ ಬಣ್ಣವಾಗುತ್ತವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ರಾತ್ರಿ ಹೊತ್ತು ಟಾರ್ಚಿಲ್ಲದೆ ಹೊರಗೆ ಕಾಲಿಡಬಾರದೆಂಬುದು ವೈದ್ಯರು ಹೇಳುತ್ತ ಬಂದಿರುವ ಎಚ್ಚರಿಕೆಗಳಲ್ಲಿ ಒಂದು.

ನೀರು ತಡೆಯುವ ಗುಣವನ್ನು ಐಪಿ ಎಂಬ ಸಂಕೇತ ಸೂಚಿಸುತ್ತದೆ. ಐಪಿಎಕ್ಸ್-4 ಎಂದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಾಳಬಲ್ಲದು, ಐಪಿಎಕ್ಸ್-7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಕೆಡದು. ನಡುವಿನ ಎಕ್ಸ್ ಅಕ್ಷರ ದೂಳಿನ ಪರೀಕ್ಷೆ ನಮೂದಾಗಿಲ್ಲವೆಂಬುದರ ಗುರುತು. 2025ರ ಮೇ 19ರಂದು, ಭಾರಿ ಮಳೆಯ ಮರುಹೊತ್ತಿನಲ್ಲಿ, ಬಿ.ಟಿ.ಎಂ. ಬಡಾವಣೆಯ ವಸತಿ ಸಮುಚ್ಚಯವೊಂದರ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕುವಾಗ ಇಬ್ಬರು ವಿದ್ಯುದಾಘಾತದಿಂದ ಸತ್ತದ್ದು ಈ ಭಾಗದ ಸಂಘಗಳಿಗೆ ನೆನಪಿದ್ದೀತು. ನೀರು ತುಂಬಿದ ನೆಲಮಾಳಿಗೆಗೆ ಯಾರೂ ಇಳಿಯುವ ಮೊದಲು ಕಟ್ಟಡದ ವಿದ್ಯುತ್ತನ್ನು ಮೂಲದಲ್ಲೇ ಕಡಿಸಬೇಕು, ಹಾಗೆ ಕಡಿಸಿದ ಮೇಲೆ ಅಲ್ಲಿ ಉಳಿಯುವ ಬೆಳಕು ಟಾರ್ಚಿನದೊಂದೇ. ಕತ್ತಲಾಗುತ್ತದೆಂಬ ಕಾರಣಕ್ಕೆ ಮೇನ್ ಸ್ವಿಚ್ಚನ್ನು ಹಾಗೆಯೇ ಬಿಡುವ ಪ್ರಸಂಗವೇ ಬಾರದಂತೆ ಪ್ರತಿ ಕಟ್ಟಡದಲ್ಲೂ ಐಪಿಎಕ್ಸ್-7 ದರ್ಜೆಯ, ತಲೆಗೆ ಕಟ್ಟಬಹುದಾದ ಇಲ್ಲವೆ ಟೋಪಿಯ ಅಂಚಿಗೆ ಸಿಕ್ಕಿಸಬಹುದಾದ ಟಾರ್ಚು ಒಂದಾದರೂ ಮೇನ್ ಬೋರ್ಡಿನ ಬಳಿಯೇ ಇರಬೇಕು. ಮಸೂರವನ್ನು ಹಿಂದೆ ಮುಂದೆ ಜಾರಿಸಿ ಕಿರಣ ಕಿರಿದು ಮಾಡುವ ಜೂಮ್ ಟಾರ್ಚುಗಳು ಈ ಕೆಲಸಕ್ಕೆ ಬಾರವು, ಜಾರುವ ಸಂದಿನಲ್ಲೇ ನೀರು ಒಳಹೋಗುತ್ತದೆ.

ಸ್ವಿಚ್ಚಿನ ಬಗ್ಗೆ ಎರಡೇ ಮಾತು. ಒಂದೇ ಗುಂಡಿಯನ್ನು ಒತ್ತುತ್ತ ಹೋದಂತೆ ಹೆಚ್ಚು, ಕಡಿಮೆ, ಮಿಣುಕು, ಆಪತ್ತಿನ ಸಂಕೇತ ಎಂದು ಎಲ್ಲವೂ ಸರದಿಯಲ್ಲಿ ಬರುವ ಟಾರ್ಚು ಆಟಿಕೆಗೆ ಸರಿ. ಮಂಡಿನೋವಿನ ಹಿರಿಯರು ಮೆಟ್ಟಿಲಿಳಿಯುವಾಗ ಕಣ್ಣೆದುರು ಬೆಳಕು ಪಟಪಟನೆ ಮಿಣುಕತೊಡಗಿದರೆ ಬೀಳುವುದೇ ಗತಿ. ಹೊತ್ತಿಸಿದೊಡನೆ ಕೆಳಹಂತದಿಂದ ಆರಂಭವಾಗುವ, ಇಲ್ಲವೆ ಹಿಂದೆ ಆರಿಸಿದ ಹಂತವನ್ನು ನೆನಪಿಟ್ಟುಕೊಳ್ಳುವ ಟಾರ್ಚೇ ಮನೆಗೆ ತಕ್ಕದ್ದು.

ಸೆಲ್ಲಿನ ಆಯ್ಕೆಯಲ್ಲಿ ಹಿರಿಯರಿಗೂ ಕಾವಲುಗಾರರಿಗೂ ಒಂದೇ ಅಳತೆ ಹೊಂದುವುದಿಲ್ಲ. ಎಎ ಸೆಲ್ಲು ಬೀದಿ ಕೊನೆಯ ದಿನಸಿ ಅಂಗಡಿಯಲ್ಲೂ ಸಿಗುತ್ತದೆ, ತಪ್ಪಾಗಿ ಬಳಸಿದರೂ ಅದರಿಂದ ಅಪಾಯ ಕಡಿಮೆ. ಆದರೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟ ಆಲ್ಕಲೈನ್ ಸೆಲ್ಲು ಸೋರಿ ಟಾರ್ಚಿನ ಒಳಗನ್ನು ತಿಂದುಹಾಕುವುದರಿಂದ ನಿಕಲ್ ಸೆಲ್ಲೇ ಲೇಸು. ಬಿಡಿ ಲಿಥಿಯಂ ಸೆಲ್ಲನ್ನು ಬೀಗದ ಕೈಗೊಂಚಲಿನ ಜತೆ ಜೇಬಿಗೆ ಹಾಕಿಕೊಂಡರೆ ಎರಡು ತುದಿಗಳ ನಡುವೆ ಲೋಹ ಸೇರಿ ಬೆಂಕಿ ಹತ್ತಬಹುದು, ಆದ್ದರಿಂದ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡುವ ಶಿಸ್ತು ಇರುವಲ್ಲಿ ಮಾತ್ರ ಕೊಡಬೇಕು. ಇಂಥ ಸೆಲ್ಲುಗಳು ಐಎಸ್ 16046 ಮಾನಕದಂತೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯಾಗುವುದು ಕಡ್ಡಾಯ. ಆರ್ ಅಕ್ಷರದಿಂದ ಆರಂಭವಾಗುವ ಆ ನೋಂದಣಿ ಸಂಖ್ಯೆ ಸೆಲ್ಲಿನ ಮೇಲಾಗಲಿ ಪೊಟ್ಟಣದ ಮೇಲಾಗಲಿ ಇದೆಯೇ ಎಂದು ನೋಡಿಯೇ ಹಣ ಕೊಡಬೇಕು. ಸೆಲ್ಲನ್ನು ಬದಲಿಸಲಾಗದಂತೆ ಒಳಗೇ ಮುಚ್ಚಿಬಿಟ್ಟ ಟಾರ್ಚು ಎಷ್ಟೇ ಅಂದವಾಗಿದ್ದರೂ ಕೆಲವು ನೂರು ಸಲ ಚಾರ್ಜ್ ಮಾಡುವಷ್ಟರಲ್ಲಿ ಕಸಕ್ಕೆ ಸೇರುತ್ತದೆ. ಸತ್ತ ಲಿಥಿಯಂ ಸೆಲ್ಲು ಹಸಿಕಸ ಒಣಕಸಗಳ ಜತೆ ಹೋದರೆ ಕಸದ ಲಾರಿಯಲ್ಲಿ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳುವ ಅಪಾಯವಿದೆ, ಅದರ ಮೊದಲ ಬಲಿಪಶುಗಳು ಪೌರಕಾರ್ಮಿಕರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಸೆಲ್ಲುಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿರುವುದರಿಂದ, ಸಗಟು ಖರೀದಿಯ ಕರಾರಿನಲ್ಲೇ ಆ ಮಾತನ್ನು ಬರೆಸಿಕೊಳ್ಳಲು ಸಂಘಗಳಿಗೆ ಹಕ್ಕಿದೆ.

ಇಷ್ಟರ ಮೇಲೆ ತೀರ್ಪು ಹೇಳುವುದಾದರೆ, ಮನೆಗೆ ಮತ್ತು ಹಿರಿಯರಿಗೆ ಒಂದು ಎಎ ಸೆಲ್ಲಿನ, 2ರಿಂದ 5, 30ರಿಂದ 50 ಮತ್ತು 150 ಲ್ಯೂಮೆನ್ನಿನ ಆಸುಪಾಸಿನ ಮೂರು ಹಂತಗಳಿರುವ, ಸಿಆರ್‌ಐ 90ರ ಟಾರ್ಚು ಸಾಕು. ಕಾವಲುಗಾರರಿಗೆ ಬದಲಿಸಬಹುದಾದ 18650 ಸೆಲ್ಲಿನ, 100 ಲ್ಯೂಮೆನ್ನಿನಲ್ಲಿ ಇಡೀ ಪಾಳಿ ಉರಿಯುವ, ಅಗತ್ಯ ಬಿದ್ದಾಗ ಒಂದೆರಡು ನಿಮಿಷ 500ಕ್ಕೆ ಏರುವ, ಐಪಿಎಕ್ಸ್-7 ದರ್ಜೆಯದು ಬೇಕು. ಒಂದು ಕೊನೆಯ ವಿನಂತಿ: ಖರೀದಿ ಸಮಿತಿಯಲ್ಲಿ ರಾತ್ರಿ ಪಾಳಿಯ ಕಾವಲುಗಾರರೊಬ್ಬರನ್ನೂ ಸದಸ್ಯರಾಗಿ ಸೇರಿಸಿಕೊಂಡು, ಮಾದರಿ ಟಾರ್ಚುಗಳನ್ನು ಒಂದು ವಾರ ಅವರ ಕೈಗೆ ಕೊಡಬೇಕು; ಅವರು ಬೇಡವೆಂದದ್ದನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬಾರದು, ಟಾರ್ಚು ಕೆಟ್ಟರೆ ಅದರ ಬೆಲೆಯನ್ನು ಅವರ ಸಂಬಳದಲ್ಲಿ ಹಿಡಿಯಲೂ ಬಾರದು.

ಇತಿ,
ಬಡಾವಣೆಯ ಒಬ್ಬ ನಿವಾಸಿ